ವೆನಿಸ್ಸಿಗೆ ಹೋದ ಡಬ್ಬ

ಮದೀನತ್ ಖಲೀಫಾ, ದೋಹಾ
28 ಅಕ್ಟೋಬರ್ 2024

ಸೆಲೆಸ್ಟಿನ್,

ನಿನ್ನ ಪತ್ರ ಅಲಿಯ ವ್ಯಾನಿನಲ್ಲಿ, ಹೊಲಿದು ಮುಗಿದ ಅಬಾಯಾಗಳ ನಡುವೆ ಮಲಗಿ, ಇಸ್ತ್ರಿಯಾಗಿಯೇ ಬಂತು. ನೂರು ಕಿಲೋಮೀಟರಿನಾಚೆ ಅಲ್ ಶಮಾಲ್‌ನಲ್ಲಿ ನೀನು, ಇಲ್ಲಿ ನಾನು, ಇಬ್ಬರ ಜೇಬಿನಲ್ಲೂ ಫೋನು. ಆದರೂ ಕೈ ಕನ್ನಡ ಮರೆಯಬಾರದೆಂದು ಕಾರ್ಕಳದ ಇಬ್ಬರು ಬಿ.ಎ.ಗಳು ಮಾಡಿಕೊಂಡ ಈ ಕಾಗದದ ಒಪ್ಪಂದ ಮೂರನೇ ವರ್ಷಕ್ಕೆ ಕಾಲಿಟ್ಟಿತು ನೋಡು.

ಸುದ್ದಿ ಏನೆಂದರೆ, ನಾವು ವೆನಿಸ್ಸಿಗೆ ಹೊರಟಿದ್ದೇವೆ. ನಾವು ಎಂದರೆ ನಾನು, ನಿನಗೆ ಹೊಲಿಯಲು ಬಟ್ಟೆ ಕಳಿಸುವ ಸೂಕ್ ವಾಕಿಫ್‌ನ ಅಂಗಡಿಯ ಸರ್ಫರಾಝ್, ನಮ್ಮ ವರ್ಕ್‌ಶಾಪಿನ ಫೋರ್‌ಮನ್ ಅಣ್ಣು. ನವೆಂಬರ್ ಹದಿನೈದು, ಹದಿನಾರು. ಶುಕ್ರ ಮತ್ತು ಶನಿ. ಅಲ್ಲಿ ಆಗ ಬಿಡದ ಮಳೆಯಂತೆ. ಮಳೆ ಎಂಬ ಕಾರಣಕ್ಕೇ ಅಣ್ಣು ಒಪ್ಪಿದ್ದು. ‘ಕಟ್ಟಡ ಇಲ್ಲಿಯೇ ಬೇಕಾದಷ್ಟು ಉಂಟು, ಮಳೆ ಎಲ್ಲುಂಟು?’ ಎಂದ.

ಹನಿ ಕಾಣದ ಕಣ್ಣಿಗೆ ಕಾಲುವೆ ಹಬ್ಬ,
ಮನೆ ಬಿಟ್ಟು ಹೊರಟೆವು, ಅಬ್ಬಬ್ಬಾ ಅಬ್ಬ!

ಅಲ್ಲಿಂದ ನಿನಗೇನು ತರಲಿ?

ಯಜ್ಞೇಶ

◆

ಅಲ್ ಶಮಾಲ್
5 ನವೆಂಬರ್ 2024

ಯಜ್ಞೇಶಾ,

ನನಗೆ ಏನೂ ತರಬೇಡ. ತೆಗೆದುಕೊಂಡು ಹೋಗು.

ನನ್ನ ಅಕ್ಕ ಎವುಲಾಲಿಯಾ ವೆನಿಸ್ಸಿನಲ್ಲಿ ಕಾನ್ವೆಂಟಿನಲ್ಲಿದ್ದಾಳೆ, ಮುದುಕರನ್ನು ನೋಡಿಕೊಳ್ಳುವ ಸಿಸ್ಟರ್. ಇಪ್ಪತ್ತೈದು ವರ್ಷದಿಂದ ನನ್ನನ್ನು ಬಲ್ಲ ನಿನಗೂ ನಾನು ಇದನ್ನು ಹೇಳಿರಲಿಲ್ಲ. ಹೇಳಿದರೆ ಅಕ್ಕತಂಗಿಯರ ನಡುವೆ ನಡೆದ ಉಳಿದದ್ದೂ ಹೇಳಬೇಕಾಗುತ್ತಿತ್ತು. ಒಂಬತ್ತು ವರ್ಷದ ಹಿಂದೆ ಮಾಮ್ಮಿ ಆಸ್ಪತ್ರೆಯಲ್ಲಿದ್ದಾಗ ಲಾಲಿ ಫೋನು ಮಾಡಿದ್ದಳು. ಅವಳಿಗೆ ಅಲ್ಲಿ ನರ್ಸಿಂಗ್ ಪರೀಕ್ಷೆ. ತಲೆ ಕೆಡಿಸಿಕೊಳ್ಳುವುದು ಬೇಡವೆಂದು ನಾನು ‘ಬರೀ ಜ್ವರ, ಗಂಜಿ ಕುಡಿದರು, ನಿನ್ನನ್ನು ಕೇಳಿದರು’ ಎಂದೆ. ಮಾಮ್ಮಿಗೆ ಆಗ ಪ್ರಜ್ಞೆಯೇ ಇರಲಿಲ್ಲ. ನಾಲ್ಕನೇ ದಿನ ಹೋದರು. ಲಾಲಿ ಬಂದು ತಲುಪುವಷ್ಟರಲ್ಲಿ ಗೋರಿಯ ಮೇಲೆ ಹೂವು ಬಾಡಿತ್ತು. ‘ಇನ್ನು ನಿನ್ನ ಬಾಯಿಂದ ಬಂದದ್ದನ್ನು ನಾನು ನಂಬುವುದಿಲ್ಲ’ ಎಂದಳು. ಅಲ್ಲಿಂದ ಫೋನು ಎತ್ತುವುದಿಲ್ಲ. ಬರೆದ ಪತ್ರಗಳು ತೆರೆಯದೆ ವಾಪಸು ಬರುತ್ತವೆ.

ಟಪ್ಪಾಲನ್ನು ಹಿಂದೆ ಕಳಿಸಬಹುದು. ಮಳೆಯಲ್ಲಿ ನಡೆದುಕೊಂಡು ಬಂದವನನ್ನು ಹಿಂದೆ ಕಳಿಸಲು ಅವಳಿಂದ ಆಗುವುದಿಲ್ಲ, ನನಗೆ ಗೊತ್ತು.

ಅಲಿಯ ಕೈಯಲ್ಲಿ ಹಾಲಿನ ಪುಡಿಯ ದೊಡ್ಡ ಡಬ್ಬ ಕಳಿಸಿದ್ದೇನೆ. ಕ್ರಿಸ್ಮಸಿನ ಕುಸ್ವಾರ್ ತಿಂಡಿ ಈ ಸಲ ಬೇಗನೇ ಮಾಡಿದೆ: ನೆವ್ರಿ, ಕಿಡಿಯೊ, ಎಳ್ಳಿನ ಉಂಡೆ, ಎಲ್ಲ ಮಾಮ್ಮಿಯ ಅಳತೆಯಲ್ಲಿ. ಅಡಿಯಲ್ಲಿ ಒಂದು ಪತ್ರ ಉಂಟು. ಮೇಲೆ ಬಿಳಿ ಬಟ್ಟೆ ಹಾಕಿ ಹೊಲಿದಿದ್ದೇನೆ. ನಾನು ಗಲ್ಫಿಗೆ ಬಂದ ಹೊಸತರಲ್ಲಿ ಮಾಮ್ಮಿ ಊರಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದದ್ದು ಹಾಗೆಯೇ. ಆ ಹೊಲಿಗೆ ನೋಡಿದರೆ ಯಾರೂ ಕೈ ಹಾಕಿಲ್ಲವೆಂದು ಲಾಲಿಗೆ ಗೊತ್ತಾಗುತ್ತದೆ. ಶನಿವಾರ ನಾಲ್ಕರಿಂದ ಐದೂವರೆ ಭೇಟಿಯ ಸಮಯ. ಅಡ್ರೆಸ್ಸು ಬಟ್ಟೆಯ ಮೇಲೆಯೇ ಬರೆದಿದ್ದೇನೆ.

ಆಫೀಸಿನಲ್ಲಿ ನೀನು ಡಾಕ್ಯುಮೆಂಟ್ ಕಂಟ್ರೋಲರ್ ಅಲ್ಲವಾ, ಸಹಿ ಇಲ್ಲದೆ ಒಂದು ಕಾಗದ ಯಾರಿಗೂ ಕೊಡದವ? ಲಾಲಿಯ ಸಹಿಯನ್ನೂ ತಾ. ತಮಾಷೆಗೆ ಹೇಳಿದ್ದಲ್ಲ. ಅವಳ ಅಕ್ಷರ ನೋಡಿ ಒಂಬತ್ತು ವರ್ಷ ಆಯಿತು.

ಸೆಲೆಸ್ಟಿನ್

◆

ಮದೀನತ್ ಖಲೀಫಾ
19 ನವೆಂಬರ್ 2024

ಸೆಲೆಸ್ಟಿನ್,

ಹೋಗಿ ಬಂದೆವು, ನೆಗಡಿ ತಂದೆವು.

ಆ ಊರಿನಲ್ಲಿ ಬಸ್ಸೂ ದೋಣಿ, ಆಂಬ್ಯುಲೆನ್ಸೂ ದೋಣಿ, ಕಸ ಒಯ್ಯುವ ಲಾರಿಯೂ ದೋಣಿ. ಅಣ್ಣು ಸೇತುವೆಯಿಂದ ಬಗ್ಗಿ ನೋಡಿ, ‘ಎಂತ ಮಾರಾಯ, ಇಷ್ಟು ನೀರುಂಟು, ಒಬ್ಬ ಗಾಳ ಹಾಕಿ ಕೂತವ ಇಲ್ಲ! ದೋಹಾದ ಮಾಲಿನೊಳಗಿನ ಕಾಲುವೆಯೇ ಚೊಕ್ಕ, ಮೇಲೆ ಆಕಾಶಕ್ಕೆ ಪೇಂಟಾದರೂ ಹೊಡೆದಿದ್ದಾರೆ’ ಎಂದ. ಇಳಿದ ಗಳಿಗೆಯಿಂದ ಹತ್ತುವವರೆಗೂ ಮಳೆ. ಚೌಕದಲ್ಲಿ ಮೊಣಗಂಟಿನವರೆಗೆ ನೀರು, ಅದರ ಮೇಲೆ ಹಲಗೆ ಹಾಸಿ ಜನರನ್ನು ಸಾಲಾಗಿ ದಾಟಿಸುತ್ತಾರೆ. ಬಾಂಗ್ಲಾದೇಶದ ಒಬ್ಬ ನಮ್ಮ ಮುಖ ನೋಡಿದ್ದೇ ಹಿಂದಿಯಲ್ಲಿ ಮಾತಾಡಿ ಬೂಟಿನ ಮೇಲೆ ಹಾಕುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು ಮಾರಿದ. ಕೊಡೆ ಮಾತ್ರ ಒಂದೇ ಉಳಿದಿತ್ತು.

ಮೂವರು ಮಂದಿಗೆ ಒಂದೇ ಕೊಡೆ,
ಮೂವರೂ ಒದ್ದೆ ಒಂದೊಂದು ಕಡೆ.

ಇನ್ನು ನಿನ್ನ ವಿಷಯ.

ಡಬ್ಬ ಸೇರಿತು ಸರಿಯಾದ ಕೈ,
ಹಬ್ಬ ಬಂತೆಂದು ಹಿಗ್ಗಿತು ಮೈ!

ನಿನ್ನ ಅಕ್ಕ ಆರೋಗ್ಯವಾಗಿದ್ದಾರೆ. ಬಹಳ ಸಂತೋಷಪಟ್ಟರು. ‘ಹಳೆಯದೆಲ್ಲ ಮರೆತಾಯಿತು ಎಂದು ಹೇಳಿ’ ಎಂದರು. ಸಹಿ ಮಾಡಿಸಿದ ಚೀಟಿ ಜೇಬಿನಲ್ಲಿ ನೆನೆದು ಶಾಯಿ ಹರಡಿಹೋಯಿತು. ಕ್ಷಮಿಸು. ಮಳೆ.

ಯಜ್ಞೇಶ

◆

ಅಲ್ ಶಮಾಲ್
23 ನವೆಂಬರ್ 2024

ಯಜ್ಞೇಶಾ,

ನಿನ್ನ ಪತ್ರವನ್ನು ಹೊಲಿಗೆ ಮೆಷಿನಿನ ಎದುರು ನಿಂತುಕೊಂಡೇ ಓದಿದೆ. ಪಕ್ಕದ ಮೆಷಿನಿನ ರುಕಿಯಾ ಹೆದರಿ ನೀರು ತಂದುಕೊಟ್ಟಳು. ಅಳುತ್ತಾ ನಗುವುದನ್ನು ಅವಳು ನೋಡಿರಲಿಲ್ಲ ಕಾಣುತ್ತದೆ.

ನೀನೆಂತ ಜನ! ಅಣ್ಣುವಿನ ಮೀನಿಗೆ ಇಷ್ಟುದ್ದ, ನನ್ನ ಅಕ್ಕನಿಗೆ ನಾಲ್ಕು ಸಾಲು? ನೋಡಲು ಹೇಗಿದ್ದಾಳೆ? ದಪ್ಪ ಆಗಿದ್ದಾಳಾ? ನೀನು ಹೋದಾಗ ಏನು ಮಾಡುತ್ತಿದ್ದಳು? ಒಂದೇ ಒಂದು ವಿಷಯ, ನೀನು ನಿನ್ನ ಕಣ್ಣಲ್ಲಿ ಕಂಡದ್ದು, ಬರೆದು ಕಳಿಸು. ಪ್ರಾಸ ಬೇಡ.

ಸೆಲೆಸ್ಟಿನ್

◆

ಮದೀನತ್ ಖಲೀಫಾ
27 ನವೆಂಬರ್ 2024

ಸೆಲೆಸ್ಟಿನ್,

ಕುಳ್ಳಗಿದ್ದಾರೆ. ಕನ್ನಡಕ ಇದೆ. ಹಳದಿ ರಬ್ಬರ್ ಬೂಟು ಹಾಕಿಕೊಂಡು ಹೊಸ್ತಿಲಿಗೆ ಬಂದ ನೀರನ್ನು ಹೊರಗೆ ಗುಡಿಸುತ್ತಿದ್ದರು, ಹಿಡಿಸೂಡಿಯನ್ನು ಎಡಗೈಯಲ್ಲಿ ಹಿಡಿದು.

ಆಫೀಸಿನಲ್ಲಿ ಆಡಿಟ್ಟು. ಹೆಚ್ಚು ಬರೆಯಲಾರೆ.

ಯಜ್ಞೇಶ

◆

ಅಲ್ ಶಮಾಲ್
8 ಡಿಸೆಂಬರ್ 2024

ಯಜ್ಞೇಶಾ,

ಎಡಗೈ! ಅದಕ್ಕಾಗಿ ಮಾಮ್ಮಿ ಅವಳಿಗೆ ಎಷ್ಟು ಹೊಡೆದಿದ್ದಾರೆ ಗೊತ್ತಾ? ಎಡಗೈಯಲ್ಲಿ ಗುಡಿಸಿದರೆ ಲಕ್ಷಣವಲ್ಲ ಎಂದು. ನಾಲ್ಕು ಸಾಲಿನಲ್ಲಿ ನನ್ನ ಅಕ್ಕನನ್ನು ಎದುರು ನಿಲ್ಲಿಸಿಬಿಟ್ಟೆ.

ನಾನು ತಡೆದುಕೊಳ್ಳಲಾರದೆ ಲಾಲಿಗೆ ಬರೆದೆ. ಲಕೋಟೆ ಅಲ್ಲ, ಕ್ರಿಸ್ಮಸ್ ಕಾರ್ಡು. ತೆರೆಯುವುದಕ್ಕೇನೂ ಇಲ್ಲದ್ದನ್ನು ತೆರೆಯದೆ ಹಿಂದೆ ಕಳಿಸಲಾಗುವುದಿಲ್ಲವಲ್ಲ. ‘ನೀನು ಯಜ್ಞೇಶನ ಹತ್ತಿರ ಹೇಳಿ ಕಳಿಸಿದ ಮಾತು ತಲುಪಿತು. ಒಂಬತ್ತು ವರ್ಷದ ನಂತರ ನಿದ್ರೆ ಬಂತು’ ಎಂದು ಬರೆದೆ. ಈಸ್ಟರಿಗೆ ರಜೆ ಕೇಳಿದ್ದೇನೆ. ಅಂಗಡಿಯವರು ಕೊಟ್ಟರೆ ಹೋಗಿಬರುತ್ತೇನೆ.

ನಿನಗೂ ಒಂದು ಡಬ್ಬ ಕುಸ್ವಾರ್ ಅಲಿಯ ಹತ್ತಿರ ಕಳಿಸುತ್ತಿದ್ದೇನೆ. ಇದರಲ್ಲಿ ಹೊಲಿಗೆ ಇಲ್ಲ, ನಿನ್ನ ಮೇಲೆ ನಂಬಿಕೆ ಉಂಟು.

ಸೆಲೆಸ್ಟಿನ್

◆

ಮದೀನತ್ ಖಲೀಫಾ
12 ಡಿಸೆಂಬರ್ 2024

ಸೆಲೆಸ್ಟಿನ್,

ನಿನ್ನ ಡಬ್ಬ ಮೇಜಿನ ಮೇಲೆ ಇದೆ. ತೆರೆದಿಲ್ಲ. ಅಕ್ಕನಿಗೆ ಬರೆದೆ ಎಂದಿದ್ದೀಯಲ್ಲ, ಆ ವಿಷಯದಲ್ಲಿ ನಾನು ಒಂದು ಮಾತು

◆

ಅಲ್ ಶಮಾಲ್
9 ಜನವರಿ 2025

ಯಜ್ಞೇಶ್,

ಲಾಲಿ ಉತ್ತರ ಬರೆದಳು. ನನ್ನ ಕಾರ್ಡನ್ನೇ ಬೇರೆ ಲಕೋಟೆಯಲ್ಲಿ ಹಾಕಿ ಕಳಿಸಿದ್ದಾಳೆ. ಹಿಂದುಗಡೆ ಕೊಂಕಣಿಯಲ್ಲಿ ಎರಡು ಸಾಲು. ಕನ್ನಡದಲ್ಲಿ ಹೇಳಿದರೆ ಹೀಗೆ:

‘ನನ್ನ ಹತ್ತಿರ ಯಾರೂ ಬರಲಿಲ್ಲ. ನೀನು ಇನ್ನೂ ಹಾಗೆಯೇ ಇದ್ದೀಯಾ?’

ಒಂಬತ್ತು ವರ್ಷದ ನಂತರ ನೋಡಿದ ಅವಳ ಅಕ್ಷರ ಇದು.

ಅವಳು ಸುಳ್ಳು ಹೇಳುವವಳಲ್ಲ. ಇನ್ನು ಉಳಿದವರು ನಾನು ಮತ್ತು ನೀನು. ನಾನು ಹೇಳಲಿಲ್ಲ.

ಸೆಲೆಸ್ಟಿನ್

◆

ಮದೀನತ್ ಖಲೀಫಾ
13 ಜನವರಿ 2025

ಸೆಲೆಸ್ಟಿನ್,

ಇದರ ಜೊತೆ ಅರ್ಧ ಬರೆದ ಒಂದು ಹಾಳೆ ಇಟ್ಟಿದ್ದೇನೆ. ಡಿಸೆಂಬರ್ ಹನ್ನೆರಡರದು. ಆಗಲೇ ಹೇಳಹೊರಟಿದ್ದೆ ಎಂದು ತೋರಿಸಿಕೊಳ್ಳಲು ಅಲ್ಲ. ಆ ದಿನ ಅಲಿ ಕೆಳಗೆ ಹಾರ್ನ್ ಹೊಡೆದ. ನಾನು ಕಿಟಕಿಯಿಂದ ‘ಇವತ್ತು ಮಾಫಿ, ಏನಿಲ್ಲ, ಹೋಗು’ ಎಂದೆ. ಕೊಡದ ಪತ್ರ ಬರೆದ ಪತ್ರವಲ್ಲ. ಇದು ನನ್ನ ಕೆಲಸದ ಮೊದಲ ಪಾಠ, ಹೊಸಬರಿಗೆ ನಾನೇ ಕಲಿಸುವುದು.

ನಡೆದದ್ದು ಇಷ್ಟು. ಶುಕ್ರವಾರ ಮಧ್ಯಾಹ್ನ ಮೂವರೂ ನೆನೆದು ಹೋಟೆಲಿಗೆ ಬಂದೆವು. ಆ ಊರಿನಲ್ಲಿ ಮೂರು ಗಂಟೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ಒಲೆ ಹಚ್ಚುವುದು ಏಳಕ್ಕೆ. ಬೆಳಗ್ಗಿನಿಂದ ಹೊಟ್ಟೆಗೆ ಕಾಫಿ ಬಿಟ್ಟು ಏನೂ ಇಲ್ಲ. ಡಬ್ಬ ಮಂಚದ ಮೇಲೆ ಇತ್ತು, ಬಟ್ಟೆಯ ಒಳಗಿಂದಲೇ ತುಪ್ಪ, ಏಲಕ್ಕಿ ಘಮಘಮ.

ಅಣ್ಣು ಕೇಳಿದ, ‘ಒಂದು ನೆವ್ರಿ ತೆಗೆದರೆ ಸಿಸ್ಟರಿಗೆ ಗೊತ್ತಾಗ್ತದಾ? ಅವರೇನು ಎಣಿಸಿ ತಗೊಳ್ತಾರಾ?’

‘ಬೇಡ ಮಾರಾಯ,’ ಎಂದ ಸರ್ಫರಾಝ್. ‘ಇದು ಅಮಾನತ್ತು. ಒಬ್ಬರು ನಂಬಿ ಕೈಯಲ್ಲಿ ಇಟ್ಟದ್ದು. ಹಸಿವಾದರೆ ನೀರು ಕುಡಿ.’

ನಾನು ಅಣ್ಣುವನ್ನು ತಡೆಯಲಿಲ್ಲ. ತಡೆಯಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಉಗುರು ಕತ್ತರಿ ನನ್ನದು, ಹೊಲಿಗೆ ಕತ್ತರಿಸಿದ ಕೈಯೂ ನನ್ನದು. ‘ಸರ್ಫರಾಝನಿಗೆ ರೋಜಾ, ನಮ್ಮಿಬ್ಬರಿಗೆ ಮೋಜಾ’ ಎಂದು, ಉಪವಾಸದವನೆಂದು ಅವನನ್ನು ಹಾಸ್ಯ ಮಾಡಿ, ಒಂದು ತೆಗೆದೆವು. ಆಮೇಲೆ ಇನ್ನೊಂದು. ರುಚಿ ಹೇಗಿತ್ತೆಂದು ಬರೆಯುವ ಯೋಗ್ಯತೆ ನನಗಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ ಡಬ್ಬ ಅರ್ಧಕ್ಕೆ ಇಳಿದಿತ್ತು. ಅರ್ಧ ಡಬ್ಬ ಹಿಡಿದು ಹೋಗಲು ನಾಚಿಕೆಯಾಯಿತು. ಆ ನಾಚಿಕೆಗೆ ನಾವು ಕಂಡುಕೊಂಡ ಪರಿಹಾರ, ಉಳಿದರ್ಧವನ್ನೂ ಮುಗಿಸುವುದು.

ಅಡಿಯಲ್ಲಿ ನಿನ್ನ ಲಕೋಟೆ ಸಿಕ್ಕಿತು. ಸರ್ಫರಾಝ್ ಅದನ್ನು ತೆಗೆದು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ. ‘ಯಲ್ಲಾ, ನಡೆಯಿರಿ. ತಿಂದದ್ದು ತಿಂದಾಯಿತು. ಇದನ್ನಾದರೂ ಕೊಟ್ಟು, ಹೀಗಾಯಿತು ಸಿಸ್ಟರ್, ಹೊಟ್ಟೆಬಾಕರು ನಾವು ಅಂತ ಹೇಳುವಾ. ಅವರು ಬೈದರೆ ಬೈಯಲಿ,’ ಎಂದ. ಹೊರಟೆವು. ಹೋಟೆಲಿನಿಂದ ಕಾನ್ವೆಂಟಿಗೆ ನಾಲ್ಕು ಸೇತುವೆ. ಮೂರನೆಯದರಲ್ಲಿ ನಾನು ಲಕೋಟೆ ಇಸಿದುಕೊಂಡು, ‘ನೀವಿಬ್ಬರೂ ಇಲ್ಲೇ ನಿಲ್ಲಿ, ನಾನೊಬ್ಬನೇ ಹೋಗಿ ಕೊಟ್ಟುಬರುತ್ತೇನೆ’ ಎಂದೆ. ನಾಲ್ಕನೆಯದರ ತನಕ ಹೋದೆ. ದಾಟಲು ಧೈರ್ಯ ಸಾಲದೆ ಹಿಂದೆ ಬಂದು, ‘ಬಾಗಿಲು ಹಾಕಿತ್ತು, ಖಲಾಸ್’ ಎಂದು ಅವರಿಗೂ ಸುಳ್ಳು ಹೇಳಿದೆ. ‘ಹಾಗಾದರೆ ಟಪ್ಪಾಲಿಗೆ ಹಾಕು’ ಎಂದ ಸರ್ಫರಾಝ್. ಹಾಕಲಿಲ್ಲ. ಹಾಕಿದರೆ ಡಬ್ಬ ಕೊಟ್ಟಿಲ್ಲ ಎಂಬುದು ಬಯಲಾಗುತ್ತಿತ್ತು.

ಲಕೋಟೆ ನನ್ನ ಡ್ರಾಯರಿನಲ್ಲಿದೆ. ತೆರೆದಿಲ್ಲ. ಬಿಚ್ಚದೆ ಬಿಟ್ಟದ್ದು ಅದೊಂದೇ.

‘ಡಬ್ಬ ಸೇರಿತು ಸರಿಯಾದ ಕೈ’ ಎಂದು ಬರೆದಿದ್ದೆನಲ್ಲ. ಮೊದಲೂ ಪ್ರಾಸ, ಕೊನೆಯೂ ಪ್ರಾಸ. ಇಷ್ಟು ವರ್ಷದಲ್ಲಿ ನಾನು ಕಟ್ಟಿದ್ದರಲ್ಲೇ ಚೆಂದದ ಎರಡು ಸಾಲು. ಅದರಲ್ಲಿ ಒಂದು ಪದವೂ ನಿಜವಲ್ಲ.

ನಿನ್ನ ಅಮ್ಮನ ವಿಷಯ ಗೊತ್ತಿದ್ದೂ, ‘ಬರೀ ಜ್ವರ’ ಎಂಬ ಎರಡು ಪದಕ್ಕೆ ನೀನು ಎಷ್ಟು ತೆತ್ತಿದ್ದೀ ಎಂದು ಓದಿಯೂ, ನಾನು ನಿನಗೆ ಅದನ್ನೇ ಮಾಡಿದೆ. ಕ್ಷಮಿಸು ಎಂದು ಕೇಳುವುದಿಲ್ಲ. ನಾನೇನು ಮಾಡಬೇಕೆಂದು ಹೇಳು, ಮಾಡುತ್ತೇನೆ.

ಯಜ್ಞೇಶ

◆

ಅಲ್ ಶಮಾಲ್
2 ಫೆಬ್ರವರಿ 2025

ಯಜ್ಞೇಶ್,

ಮೂರು ವಾರ ಅಲಿ ‘ಏನಾದರೂ ಉಂಟಾ ಸೆಲೆಸ್ಟಿನಕ್ಕ?’ ಎಂದು ಕೇಳಿದ. ಇಲ್ಲ ಎಂದೆ. ಇವತ್ತು ಉಂಟು.

ತಿಂದದ್ದಕ್ಕೆ ನನಗೆ ಸಿಟ್ಟಿಲ್ಲ. ಹಸಿದವರು ತಿಂದರು, ಮಾಮ್ಮಿ ಇದ್ದರೆ ಇನ್ನೆರಡು ಹಾಕುತ್ತಿದ್ದರು. ಲಾಲಿಗೆ ಹೇಳಿದ್ದರೂ ನಗುತ್ತಿದ್ದಳು. ಖಾಲಿ ಡಬ್ಬ ಹಿಡಿದು ಬಾಗಿಲಲ್ಲಿ ನಿಂತ ಮೂವರು ಒದ್ದೆ ಗಂಡಸರನ್ನು ನೋಡಿ ನಗದೆ ಇರುವುದು ಹೇಗೆ? ಆ ನಗುವಿನಲ್ಲಿ ನನ್ನ ಪತ್ರವೂ ಒಳಗೆ ಹೋಗುತ್ತಿತ್ತು. ಅದನ್ನು ನೀನು ಕಳೆದೆ. ಅಷ್ಟು ಮಾತ್ರ ಅಲ್ಲ, ನನ್ನನ್ನು ಅವಳ ಎದುರು ಎರಡನೇ ಸಲ ಸುಳ್ಳಿ ಮಾಡಿದೆ. ಮೊದಲನೆಯದು ನನ್ನ ತಪ್ಪು, ಹೊತ್ತುಕೊಂಡಿದ್ದೇನೆ. ಇದನ್ನು ನಾನು ಹೊರುವುದಿಲ್ಲ.

ಇನ್ನೊಂದು. ನಾಲ್ಕನೇ ಸೇತುವೆ ದಾಟಲಿಲ್ಲ ಎಂದು ಬರೆದಿದ್ದೀ. ಹಾಗಾದರೆ ಹಳದಿ ಬೂಟು ಎಲ್ಲಿಂದ ಬಂತು? ಎಡಗೈ ಎಲ್ಲಿಂದ ಬಂತು? ಅದು ನಾನು ಅದಕ್ಕೆ ಮೊದಲು ಯಾರಿಗೂ ಹೇಳಿದ್ದಲ್ಲ. ತಪ್ಪು ಒಪ್ಪಿಕೊಳ್ಳುವ ಪತ್ರದಲ್ಲೂ ನೀನು ಏನನ್ನೋ ಉಳಿಸಿಕೊಂಡಿದ್ದೀ.

ನನಗೆ ಉತ್ತರ ಬೇಡ. ಲಾಲಿಗೆ ಬರೆ. ಅವಳೂ ಕನ್ನಡ ಶಾಲೆಯಲ್ಲಿ ಕಲಿತವಳೇ. ಪೂರ್ತಿ ಬರೆ. ಒಂದೂ ಪ್ರಾಸ ಇರಕೂಡದು. ಲಕೋಟೆ ಅಂಟಿಸದೆ ನನಗೆ ಕಳಿಸು. ಓದಿ, ಸರಿ ಕಂಡರೆ, ನಿನ್ನ ಹೆಸರು ಹೊರಗೆ ಬರೆದು ನಾನೇ ಟಪ್ಪಾಲಿಗೆ ಹಾಕುತ್ತೇನೆ.

ಸೆಲೆಸ್ಟಿನ್

◆

ಮದೀನತ್ ಖಲೀಫಾ, ದೋಹಾ
7 ಫೆಬ್ರವರಿ 2025

ಸಿಸ್ಟರ್ ಎವುಲಾಲಿಯಾ ಅವರಿಗೆ,

ನನ್ನ ಹೆಸರು ಯಜ್ಞೇಶ್. ನಿಮ್ಮ ತಂಗಿ ಸೆಲೆಸ್ಟಿನ್ ಕಾರ್ಡಿನಲ್ಲಿ ಬರೆದಿದ್ದು ನನ್ನ ಬಗ್ಗೆ. ಅವಳು ನಿಮಗೆ ಸುಳ್ಳು ಹೇಳಲಿಲ್ಲ. ನಾನು ಅವಳಿಗೆ ಹೇಳಿದ ಸುಳ್ಳನ್ನು ಅವಳು ನಂಬಿದಳು.

ನಿಮಗಾಗಿ ಅವಳು ಒಂದು ಡಬ್ಬ ಕುಸ್ವಾರ್ ಮಾಡಿ, ಬಿಳಿ ಬಟ್ಟೆಯಲ್ಲಿ ಹೊಲಿದು, ನನ್ನ ಕೈಯಲ್ಲಿ ಕಳಿಸಿದ್ದಳು. ನಿಮ್ಮ ಅಮ್ಮನ ಅಳತೆ ಎಂದಳು. ಅದನ್ನು ನಾನು ಮತ್ತು ನನ್ನ ಸ್ನೇಹಿತ ಹೋಟೆಲಿನಲ್ಲಿ ಕೂತು ತಿಂದೆವು. ಜೊತೆಗಿದ್ದ ಇನ್ನೊಬ್ಬ ಮುಟ್ಟಲಿಲ್ಲ, ತಿನ್ನಬೇಡಿ ಎಂದು ಹೇಳಿದ. ನಾನು ಅವನನ್ನು ಹಾಸ್ಯ ಮಾಡಿದೆ. ಅವನ ಹೆಸರು ಸರ್ಫರಾಝ್. ಮೊನ್ನೆ ಅವನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟ. ಆಮೇಲೆ ‘ನಮಗೂ ಹೇಳಿದೆಯಲ್ಲ ಯಜ್ಞೇಶಣ್ಣ, ಬಾಗಿಲು ಹಾಕಿತ್ತೆಂದು’ ಎಂದ.

ಬಾಗಿಲು ಹಾಕಿರಲಿಲ್ಲ. ಈಗ ಬರೆಯುವುದನ್ನು ನಾನು ಸೆಲೆಸ್ಟಿನಿಗೂ ಹೇಳಿರಲಿಲ್ಲ. ಅವಳು ಈ ಪತ್ರವನ್ನು ಮೊದಲು ಓದುತ್ತಾಳೆ, ಅವಳಿಗೂ ಇಲ್ಲಿಯೇ ತಿಳಿಯಲಿ.

ನವೆಂಬರ್ ಹದಿನಾರು, ಶನಿವಾರ, ನಾಲ್ಕೂಕಾಲು ಗಂಟೆ. ನೀವು ಹಳದಿ ಬೂಟು ಹಾಕಿಕೊಂಡು ಹೊಸ್ತಿಲ ನೀರನ್ನು ಗುಡಿಸುತ್ತಿದ್ದಿರಿ. ಸೇತುವೆ ಇಳಿದು, ಎದುರಿನ ಗೋಡೆಗೆ ಒತ್ತಿಕೊಂಡು ಒಬ್ಬ ನಿಂತಿದ್ದ. ಕಾಲಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು, ಕೈಯಲ್ಲಿ ಕೊಡೆ ಇರಲಿಲ್ಲ. ನೀವು ಅವನನ್ನು ನೋಡಿ ಗುಡಿಸುವುದನ್ನು ನಿಲ್ಲಿಸಿದಿರಿ. ಇಟಾಲಿಯನ್ನಿನಲ್ಲಿ ಏನೋ ಹೇಳಿದಿರಿ. ಅವನಿಗೆ ಅರ್ಥವಾಗಲಿಲ್ಲವೆಂದು ಕೈಸನ್ನೆ ಮಾಡಿ, ಬಾಗಿಲನ್ನು ಪೂರ್ತಿ ತೆರೆದು, ಬದಿಗೆ ಸರಿದು ನಿಂತು, ಒಳಗೆ ಕರೆದಿರಿ. ಹೆಸರು ಕೇಳಲಿಲ್ಲ, ಏನು ಬೇಕೆಂದು ಕೇಳಲಿಲ್ಲ. ನೆನೆಯುತ್ತಿದ್ದ, ಅಷ್ಟು ನಿಮಗೆ ಸಾಕಾಯಿತು.

ಅವನು ‘ನೋ, ನೋ, ಥ್ಯಾಂಕ್ ಯು’ ಎಂದು ಹೇಳಿ ತಿರುಗಿ ನಡೆದ. ಅವನ ಜೇಬಿನಲ್ಲಿ ನಿಮ್ಮ ತಂಗಿಯ ಪತ್ರ ಇತ್ತು.

ನಿಮಗೆ ನೆನಪಿದೆಯೋ ಇಲ್ಲವೋ. ಆ ಮನುಷ್ಯ ನಾನು.

ಆ ಪತ್ರ ಈ ಲಕೋಟೆಯೊಳಗೆ ಇದೆ. ಅದನ್ನು ಯಾರೂ ಬಿಚ್ಚಿಲ್ಲ. ಅಂಚು ಮಳೆಗೆ ಸ್ವಲ್ಪ ಉಬ್ಬಿದೆ.

ನಿಮಗೆ ಬರುವ ಪತ್ರಗಳನ್ನು ನೀವು ಹಿಂದೆ ಕಳಿಸುತ್ತೀರಿ ಎಂದು ಗೊತ್ತು. ಇದನ್ನೂ ಕಳಿಸಬಹುದು. ನನ್ನನ್ನು ನಂಬಿ ಎಂದು ಕೇಳುವುದಿಲ್ಲ. ಅವಳ ಕಾರ್ಡನ್ನು ಮಾತ್ರ ಅವಳ ಸುಳ್ಳುಗಳ ಜೊತೆ ಸೇರಿಸಬೇಡಿ. ಅದು ನನ್ನದು.

ಸೆಲೆಸ್ಟಿನ್ ಇನ್ನೊಂದು ಡಬ್ಬ ಕೊಡಲು ಒಪ್ಪಿದರೆ, ಈಸ್ಟರಿನ ಮೊದಲು ಒಂದು ಶನಿವಾರ ನಾನು ಮತ್ತೆ ಬರುತ್ತೇನೆ. ಸರ್ಫರಾಝನೂ ಬರುತ್ತಾನೆ, ಡಬ್ಬ ಅವನ ಕೈಯಲ್ಲಿರುತ್ತದೆ. ಮಳೆ ಇರಲಿ, ಇಲ್ಲದಿರಲಿ, ನಾಲ್ಕು ಗಂಟೆಗೆ ಬಾಗಿಲು ತಟ್ಟುತ್ತೇವೆ. ಒಳಗೆ ಕರೆಯಬೇಕೆಂದಿಲ್ಲ. ನೀವು ಬೇಡ ಎಂದರೆ ಹಾಗೆಯೇ ದೋಹಾಕ್ಕೆ ವಾಪಸು ತಂದು ಅವಳ ಕೈಗೆ ಕೊಡುತ್ತೇನೆ, ಹೊಲಿಗೆ ಬಿಚ್ಚದೆ.

ಯಜ್ಞೇಶ್